ಕೀವಿನಾದ ಕಪ್ಪು ಮರಳನ್ನೂ ನೋಡಿ ಬನ್ನಿ: ಮಹಾಸರೋವರಗಳ ಸುತ್ತಲಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಮಿಷಿಗನ್, ವಿಸ್ಕಾನ್ಸಿನ್, ಮಿನೆಸೋಟ ಹಾಗೂ ಇಲಿನಾಯ್ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಪ್ರತಿ ವರ್ಷ ಎಲೆಗಳ ಬಣ್ಣ ಬದಲಾಗುವ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಕುಟುಂಬಗಳು ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯದ್ವೀಪಕ್ಕೆ ಪ್ರವಾಸ ಹೋಗುತ್ತವೆ. ಬ್ರಾಕ್‌ವೇ ಬೆಟ್ಟದ ಮೇಲಿನ ದಾರಿ, ಕಾಪರ್ ಹಾರ್ಬರ್‌ನ ದೀಪಸ್ತಂಭ, ಅದೃಷ್ಟವಿದ್ದರೆ ರಾತ್ರಿಯ ಉತ್ತರಧ್ರುವ ಪ್ರಭೆ, ಇವುಗಳ ಚಿತ್ರಗಳು ಮರುದಿನವೇ ಎಲ್ಲರಿಗೂ ತಲುಪುತ್ತವೆ. ಆ ಚಿತ್ರಗಳ ಕೆಳಗೆ ಬರೆಯುವ ಮಾತು ಹೆಚ್ಚುಕಡಿಮೆ ಒಂದೇ: ಮನುಷ್ಯನ ಕೈ ತಾಗದ ಪ್ರಕೃತಿ. ಈ ಮಾತು ತಪ್ಪು ಎಂಬುದನ್ನು ವಿವರಿಸುವುದಕ್ಕೂ, ಆ ನೆಲದ ಹಾಗೂ ಅಲ್ಲಿಯ ತಾಮ್ರದ ಗಣಿಗಳು ಸರೋವರಕ್ಕೆ ಸುರಿದ ಕಪ್ಪು ಮರಳಿನ ವಿಚಾರದಲ್ಲಿ ಈಗ ನಡೆಯುತ್ತಿರುವ ಕೆಲವು ತೀರ್ಮಾನಗಳಲ್ಲಿ ನಾವೂ ದನಿಗೂಡಿಸಬೇಕೆಂದು ಕೇಳಿಕೊಳ್ಳುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಮನುಷ್ಯನ ಕೈ ಇಷ್ಟು ಆಳಕ್ಕೆ ಇಳಿದ ಜಾಗಗಳು ಹೆಚ್ಚಿಲ್ಲ. ಕ್ವಿನ್ಸಿ ಗಣಿಯ ಎರಡನೆಯ ಶಾಫ್ಟ್ ಇಳಿಜಾರಿನ ಉದ್ದಕ್ಕೆ ಅಳೆದರೆ 9,000 ಅಡಿಗಳಿಗೂ ಮೀರಿ ನೆಲದೊಳಕ್ಕೆ ಹೋಗಿದೆ. ನಾವು ನಿಂತು ಚಿತ್ರ ತೆಗೆಯುವ ಕಾಡಿನ ಬಹುಪಾಲು ಗಣಿಗಳಿಗೆ ಮರ ಕಡಿದು ಬರಿದಾದ ಗುಡ್ಡಗಳ ಮೇಲೆ ಮತ್ತೆ ಬೆಳೆದದ್ದು.

ಮೊದಲು ಭೂಮಿಯ ವಿಷಯ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆಯೇ ನಿಂತಿದೆ. ಸುಮಾರು 110 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕ ಖಂಡ ನಡುವೆ ಸೀಳತೊಡಗಿತು. ಆ ಬಿರುಕಿನಿಂದ ಲಾವಾ ಮತ್ತೆ ಮತ್ತೆ ಉಕ್ಕಿ, ನೂರಾರು ಪದರಗಳಾಗಿ, ಮೈಲಿಗಟ್ಟಲೆ ದಪ್ಪಕ್ಕೆ ಹರಡಿತು. ಸೀಳು ಪೂರ್ಣವಾಗಲಿಲ್ಲ, ಹೊಸ ಸಾಗರವೊಂದು ಹುಟ್ಟಲಿಲ್ಲ. ಲಾವಾದ ಭಾರಕ್ಕೆ ನಡುಭಾಗ ಕುಸಿದು ಬೋಗುಣಿಯಂತಾಯಿತು, ಇಂದು ಆ ಬೋಗುಣಿಯಲ್ಲಿ ಸುಪೀರಿಯರ್ ಸರೋವರ ನಿಂತಿದೆ. ಬೋಗುಣಿಯ ಒಂದು ಅಂಚು ಮೇಲೆದ್ದು ಕೀವಿನಾದ ಬೆನ್ನೆಲುಬಾದರೆ ಇನ್ನೊಂದು ಅಂಚು ಸುಮಾರು 50 ಮೈಲಿ ದೂರದಲ್ಲಿ ಐಲ್ ರಾಯಲ್ ದ್ವೀಪವಾಗಿ ನೀರಿನಿಂದ ಮೇಲೆ ಬಂದಿದೆ. ಇಲ್ಲಿಯ ಪದರಗಳು ವಾಯವ್ಯಕ್ಕೆ ಬಾಗಿ ಸರೋವರದ ಅಡಿಗೆ ಇಳಿಯುತ್ತವೆ, ಅಲ್ಲಿಯ ಪದರಗಳು ಆಗ್ನೇಯಕ್ಕೆ ಬಾಗಿ ಅದೇ ಸರೋವರದ ಅಡಿಗೆ ಇಳಿಯುತ್ತವೆ. ಗ್ರೀನ್‌ಸ್ಟೋನ್ ಎಂದು ಕರೆಯುವ ಒಂದೇ ಲಾವಾ ಪದರವನ್ನು ಎರಡೂ ದಡಗಳಲ್ಲಿ ಗುರುತಿಸಬಹುದು.

ಲಾವಾ ತಣ್ಣಗಾಗುವಾಗ ಅದರ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಕೊಂಡು ಸಣ್ಣ ಸಣ್ಣ ರಂಧ್ರಗಳಾದವು. ಎರಡು ಲಾವಾ ಪ್ರವಾಹಗಳ ನಡುವಿನ ಬಿಡುವಿನಲ್ಲಿ ನದಿಗಳು ತಂದು ಸುರಿದ ಉರುಟು ಕಲ್ಲುಗಳು ಗಟ್ಟಿಯಾಗಿ ಕಾಂಗ್ಲಾಮರೇಟ್ ಎಂಬ ಪಿಂಡಶಿಲೆಯಾದವು. ಮುಂದೆ ಕೆಲವು ಕೋಟಿ ವರ್ಷ ಕಳೆದ ಮೇಲೆ, ಆಳದಿಂದ ಮೇಲೇರಿದ ಬಿಸಿನೀರು ಕರಗಿದ ತಾಮ್ರವನ್ನು ಹೊತ್ತು ಬಂದು ಆ ರಂಧ್ರಗಳಲ್ಲೂ ಉರುಟು ಕಲ್ಲುಗಳ ಸಂದುಗಳಲ್ಲೂ ಬಿರುಕುಗಳಲ್ಲೂ ಬಿಟ್ಟುಹೋಯಿತು. ಜಗತ್ತಿನ ಹೆಚ್ಚಿನ ತಾಮ್ರದ ಗಣಿಗಳಲ್ಲಿ ತಾಮ್ರವು ಗಂಧಕದೊಂದಿಗೆ ಕೂಡಿಕೊಂಡ ಅದಿರಾಗಿ ಸಿಗುತ್ತದೆ, ಅದನ್ನು ಸುಟ್ಟು ಕರಗಿಸಿ ಬೇರ್ಪಡಿಸಬೇಕು. ಕೀವಿನಾದಲ್ಲಿ ಅದು ಲೋಹವಾಗಿಯೇ ಇತ್ತು, ಸುತ್ತಿಗೆಯಿಂದ ಬಡಿದರೆ ಬಾಗುವಂಥ ಲೋಹ. ಇಷ್ಟು ದೊಡ್ಡ ಪ್ರಮಾಣದಲ್ಲಿ ಲೋಹರೂಪದ ತಾಮ್ರ ಸಿಕ್ಕ ಇನ್ನೊಂದು ಪ್ರದೇಶ ಭೂಮಿಯ ಮೇಲಿಲ್ಲ. ಮುಂದೆ ಹೇಳಲಿರುವ ಮರಳಿನ ಕಥೆಗೂ ಇದೇ ಮೂಲ. ಬಂಡೆಯಲ್ಲಿರುವ ಲೋಹವನ್ನು ಬಿಡಿಸಲು ಬಂಡೆಯನ್ನು ಪುಡಿ ಮಾಡಿ ನೀರಿನಲ್ಲಿ ತೊಳೆದರೆ ಸಾಕಿತ್ತು, ತೊಳೆಯಲು ನೀರು ಧಾರಾಳವಾಗಿ ಬೇಕಿತ್ತು, ಹಾಗಾಗಿ ಗಿರಣಿಗಳೆಲ್ಲ ದಡದಲ್ಲಿ ಎದ್ದವು.

ಮೊದಲು ಆ ತಾಮ್ರವನ್ನು ಕಂಡವರು ಕಂಪನಿಗಳವರಲ್ಲ. ಐಲ್ ರಾಯಲ್‌ನಲ್ಲಿಯೂ ಕೀವಿನಾದಲ್ಲಿಯೂ ಸಾವಿರಾರು ಹಳೆಯ ಗುಂಡಿಗಳಿವೆ. ಕಲ್ಲಿನ ಸುತ್ತಿಗೆಗಳಿಂದ ಬಂಡೆಯನ್ನು ಒಡೆದು ತಾಮ್ರ ತೆಗೆದು, ಕಾಯಿಸಿ ಬಡಿದು ಈಟಿಯ ಮೊನೆ, ಕೊಡಲಿ, ಮೀನಿನ ಗಾಳ, ಮಣಿಗಳನ್ನು ಮಾಡುವ ಕೆಲಸ ಇಲ್ಲಿ ಸುಮಾರು 7,000 ವರ್ಷಗಳಷ್ಟು ಹಿಂದೆಯೇ ಆರಂಭವಾಗಿತ್ತು. ಈ ಗುಂಡಿಗಳನ್ನು ಅಟ್ಲಾಂಟಿಕ್ ದಾಟಿ ಬಂದ ಯಾವುದೋ ನಾಗರಿಕತೆಯವರು ತೋಡಿದರೆಂಬ ಕಥೆಗಳು ಇನ್ನೂ ಓಡಾಡುತ್ತಿವೆ. ಸ್ಥಳೀಯ ಜನರಿಗೆ ಅಷ್ಟು ಕೈಚಳಕ ಇರಲಾರದು ಎಂಬ ಪೂರ್ವಗ್ರಹದ ಹೊರತು ಅವುಗಳ ಹಿಂದೆ ಬೇರೇನೂ ಇಲ್ಲ, ದಯವಿಟ್ಟು ಅವನ್ನು ಮಕ್ಕಳಿಗೆ ಹೇಳಬೇಡಿ.

ಯುರೋಪಿನವರು ಬಂದಾಗ ಇದು ಮೂಲನಿವಾಸಿಗಳಾದ ಓಜಿಬ್ವೆ ಜನರ ನಾಡು. ಆಂಟನಾಗನ್ ನದಿಯ ದಂಡೆಯಲ್ಲಿ ಸುಮಾರು 3,700 ಪೌಂಡ್ ತೂಕದ, ಅಂದರೆ ಒಂದೂವರೆ ಟನ್ನಿಗೂ ಹೆಚ್ಚು ಭಾರದ, ತಾಮ್ರದ ಬಂಡೆಯೊಂದಿತ್ತು. ಆ ಬಂಡೆಯ ಸುದ್ದಿಯೇ ಹೊರಗಿನವರನ್ನು ಸೆಳೆಯಿತು. 1771ರಲ್ಲಿ ಅಲೆಕ್ಸಾಂಡರ್ ಹೆನ್ರಿ ಎಂಬ ವ್ಯಾಪಾರಿ ಆ ನದಿಯ ಬಳಿ ಗಣಿ ತೋಡಿಸಿ ಕೈಸುಟ್ಟುಕೊಂಡರು. 1841ರಲ್ಲಿ ಮಿಷಿಗನ್ ರಾಜ್ಯದ ಭೂವಿಜ್ಞಾನಿ ಡಗ್ಲಸ್ ಹೋಟನ್ ತಮ್ಮ ವರದಿಯಲ್ಲಿ ಇಲ್ಲಿ ತಾಮ್ರವಿದೆ ಎಂದು ದೃಢಪಡಿಸಿದರು, ಆದರೆ ಮುಗಿಬಿದ್ದು ಬಂದವರಿಗೆ ನಷ್ಟವೇ ಆದೀತೆಂಬ ಎಚ್ಚರಿಕೆಯನ್ನೂ ಕೊಟ್ಟರು. ಎಚ್ಚರಿಕೆಯ ಭಾಗವನ್ನು ಯಾರೂ ಓದಿದಂತಿಲ್ಲ. ಮರುವರ್ಷ, 1842ರ ಅಕ್ಟೋಬರ್‌ನಲ್ಲಿ, ಲಾ ಪಾಯಿಂಟ್ ಎಂಬಲ್ಲಿ ಓಜಿಬ್ವೆಯರೊಂದಿಗೆ ಅಮೆರಿಕ ಸರ್ಕಾರ ಒಪ್ಪಂದ ಮಾಡಿಕೊಂಡು ಈ ಇಡೀ ಪ್ರದೇಶವನ್ನು ಪಡೆಯಿತು. 1843ರಲ್ಲಿ ಜನ ನುಗ್ಗಿದರು, ಅದೇ ವರ್ಷ ಆ ತಾಮ್ರದ ಬಂಡೆಯನ್ನೂ ಸಾಗಿಸಲಾಯಿತು. ಅದು ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅದನ್ನು ಮರಳಿ ಕೊಡಿ ಎಂದು ಇಲ್ಲಿಯ ಓಜಿಬ್ವೆಯರ ಬುಡಕಟ್ಟಾದ ಕೀವಿನಾ ಬೇ ಇಂಡಿಯನ್ ಕಮ್ಯುನಿಟಿ 1990ರ ದಶಕದಲ್ಲಿ ಕೇಳಿತ್ತು, ಕೊಡಲಿಲ್ಲ. ಹೋಟನ್ 1845ರಲ್ಲಿ ಈಗಲ್ ರಿವರ್ ಬಳಿ ದೋಣಿ ಮುಳುಗಿ ತೀರಿಕೊಂಡರು, ಆಗ ಅವರಿಗೆ 36 ವರ್ಷ. ಇಲ್ಲಿಯ ಮುಖ್ಯ ಪಟ್ಟಣಕ್ಕೂ ಜಿಲ್ಲೆಗೂ ಅವರದೇ ಹೆಸರಿದೆ.

1842ರ ಒಪ್ಪಂದದಲ್ಲಿ ಭೂಮಿ ಹೋದರೂ ಬೇಟೆಯಾಡುವ ಹಕ್ಕು ಮುಂತಾದವನ್ನು ಓಜಿಬ್ವೆಯರು ಉಳಿಸಿಕೊಂಡಿದ್ದರು. 1854ರ ಎರಡನೆಯ ಒಪ್ಪಂದದಿಂದ ಲಾನ್ಸ್ ಬಳಿ ಅವರಿಗೆ ಮೀಸಲು ನೆಲೆ ದೊರೆಯಿತು. ಕಾಗದದ ಮೇಲಿನ ಈ ಹಕ್ಕುಗಳು ನೂರಕ್ಕೂ ಹೆಚ್ಚು ವರ್ಷ ಕಾಗದದ ಮೇಲೆಯೇ ಇದ್ದವು. 1971ರಲ್ಲಿ ಮಿಷಿಗನ್‌ನ ಸರ್ವೋಚ್ಚ ನ್ಯಾಯಾಲಯ ಕೀವಿನಾ ಕೊಲ್ಲಿಯಲ್ಲಿ ಮೀನು ಹಿಡಿಯುವ ಅವರ ಹಕ್ಕನ್ನು ಒಪ್ಪಿತು, 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬಿಟ್ಟುಕೊಟ್ಟ ಭೂಮಿಯಲ್ಲಿಯೂ ಒಪ್ಪಂದದ ಹಕ್ಕುಗಳು ಜೀವಂತವಾಗಿವೆ ಎಂದಿತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಮರಳಿನ ಪ್ರಶ್ನೆಯಲ್ಲಿ ಹೆಚ್ಚು ಕಳೆದುಕೊಳ್ಳುತ್ತಿರುವವರಲ್ಲಿ ಇವರೇ ಮೊದಲಿಗರು.

ಗಣಿಗಾರಿಕೆಯ ಏರಿಕೆಯನ್ನು ಚಿಕ್ಕದಾಗಿ ಹೇಳಬಹುದು. 1845ರಲ್ಲಿ ಗ್ರೀನ್‌ಸ್ಟೋನ್ ಕಡಿಬಂಡೆಯ ಬುಡದಲ್ಲಿ ಪತ್ತೆಯಾದ ಕ್ಲಿಫ್ ಗಣಿ ಮೊದಲ ಲಾಭ ಕಂಡಿತು. 1855ರಲ್ಲಿ ಸೂ ಸೇಂಟ್ ಮೇರಿಯಲ್ಲಿ ಕಾಲುವೆ ಮತ್ತು ಹಡಗುಗಳನ್ನು ಏರಿಸಿ ಇಳಿಸುವ ಲಾಕ್‌ಗಳು ತೆರೆದ ಮೇಲೆ ಹಡಗುಗಳು ಸುಪೀರಿಯರ್‌ನಿಂದ ಕೆಳಗಿನ ಸರೋವರಗಳಿಗೆ ನೇರವಾಗಿ ಇಳಿಯತೊಡಗಿದವು. 1864ರಲ್ಲಿ ಎಡ್ವಿನ್ ಹಲ್ಬರ್ಟ್ ಕಂಡುಹಿಡಿದ ಕ್ಯಾಲ್ಯುಮೆಟ್ ಕಾಂಗ್ಲಾಮರೇಟ್ ಎಂಬ ತಾಮ್ರಭರಿತ ಪಿಂಡಶಿಲೆಯ ಪದರ ಎಲ್ಲವನ್ನೂ ಬದಲಿಸಿತು. 1871ರಲ್ಲಿ ಒಂದಾದ ಕ್ಯಾಲ್ಯುಮೆಟ್ ಅಂಡ್ ಹೆಕ್ಲಾ ಕಂಪನಿ ಆ ದಶಕದಲ್ಲಿ ಇಡೀ ದೇಶದ ತಾಮ್ರದ ಅರ್ಧದಷ್ಟನ್ನು ಒಂಟಿಯಾಗಿ ತೆಗೆಯುತ್ತಿತ್ತು. ಅದರ ಅಧ್ಯಕ್ಷ ಅಲೆಕ್ಸಾಂಡರ್ ಅಗಾಸಿ ಸಮುದ್ರಜೀವಿಗಳನ್ನು ಅಧ್ಯಯನ ಮಾಡಿದ ದೊಡ್ಡ ವಿಜ್ಞಾನಿಯೂ ಹೌದು. ಹಾರ್ವರ್ಡ್‌ನ ವಸ್ತುಸಂಗ್ರಹಾಲಯಕ್ಕೆ ಅವರು ಕೊಟ್ಟ ಹಣ ಇಲ್ಲಿಯ ಕತ್ತಲಿನಿಂದ ಬಂದದ್ದು. ಕ್ವಿನ್ಸಿ ಗಣಿಯು 1868ರಿಂದ 1920ರವರೆಗೆ ತಪ್ಪದೆ ಲಾಭಾಂಶ ಹಂಚಿತು. 1887ರ ಸುಮಾರಿಗೆ ಮೊಂಟಾನಾದ ಬ್ಯೂಟ್ ಊರಿನ ತಾಮ್ರದ ಗಣಿಗಳು ಮುಂದೆ ಹೋದವಾದರೂ ಕೀವಿನಾದ ಉತ್ಪಾದನೆ ಏರುತ್ತಲೇ ಇದ್ದು, ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಸುಮಾರು 26 ಕೋಟಿ ಪೌಂಡ್‌ಗಳ ಶಿಖರ ಮುಟ್ಟಿತು.

ಜನರ ಲೆಕ್ಕ ನೋಡಿದರೆ ಆ ಕಾಲದ ಗಾತ್ರ ತಿಳಿಯುತ್ತದೆ. 1910ರಲ್ಲಿ ಹೋಟನ್ ಜಿಲ್ಲೆಯಲ್ಲಿ 88,098 ಜನರಿದ್ದರು, 2020ರಲ್ಲಿ 37,361. ಪಕ್ಕದ ಕೀವಿನಾ ಜಿಲ್ಲೆಯಲ್ಲಿ 2020ರಲ್ಲಿ ಇದ್ದವರು 2,046, ಇಡೀ ಮಿಷಿಗನ್‌ನಲ್ಲಿಯೇ ಅತಿ ಕಡಿಮೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವರು ಗಣಿಯ ನುರಿತ ಕೆಲಸಗಾರರು. ಅದೇ ಕಾರ್ನ್‌ವಾಲ್‌ನ ಜನ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದಿದ್ದರು ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅವರ ಹಿಂದೆ ಜರ್ಮನ್ನರು, ಐರಿಷ್ ಜನ, ಫ್ರೆಂಚ್ ಕೆನಡಿಯನ್ನರು, ಆಮೇಲೆ ಫಿನ್ಲೆಂಡಿನವರು, ಇಟಲಿಯವರು, ಕ್ರೊಯೇಷಿಯಾ ಮತ್ತು ಸ್ಲೊವೇನಿಯಾದವರು ಬಂದರು. ಫಿನ್ಲೆಂಡಿನವರು 1896ರಲ್ಲಿ ಹ್ಯಾಂಕಾಕ್ ಊರಿನಲ್ಲಿ ಸ್ಥಾಪಿಸಿದ ಕಾಲೇಜು ಮುಂದೆ ಫಿನ್ಲಾಂಡಿಯಾ ವಿಶ್ವವಿದ್ಯಾಲಯವಾಗಿ 2023ರಲ್ಲಿ ಬಾಗಿಲು ಹಾಕಿತು. ಆಚೆ ದಡದ ಹೋಟನ್‌ನಲ್ಲಿ 1885ರಲ್ಲಿ ಗಣಿಶಾಲೆಯಾಗಿ ಆರಂಭವಾದ ಮಿಷಿಗನ್ ಟೆಕ್ ಇಂದಿಗೂ ನಡೆಯುತ್ತಿದೆ, ನಮ್ಮ ಮಕ್ಕಳೂ ಅಲ್ಲಿ ಓದುತ್ತಾರೆ.

ಮುಷ್ಕರದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ನಿಲ್ಲಬೇಕು. ಗಣಿ ಆಳವಾದಷ್ಟೂ ಖರ್ಚು ಹೆಚ್ಚಿತು, ಬಂಡೆಯಲ್ಲಿನ ತಾಮ್ರದ ಪಾಲು ಇಳಿಯಿತು. ಖರ್ಚು ತಗ್ಗಿಸಲು ಕಂಪನಿಗಳು ಇಬ್ಬರ ಬದಲು ಒಬ್ಬನೇ ನಡೆಸುವ ಕೊರೆಯಂತ್ರವನ್ನು ತಂದವು. ಕಾರ್ಮಿಕರ ಭಯ ಎರಡು ಬಗೆಯದು: ಅರ್ಧ ಜನರ ಕೆಲಸ ಹೋಗುತ್ತದೆ, ಉಳಿದವರು ಕತ್ತಲಿನಲ್ಲಿ ಒಂಟಿಯಾಗಿ ಕೆಲಸ ಮಾಡುವಾಗ ಬಂಡೆ ಕುಸಿದರೆ ಕೂಗಿ ಕರೆಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಎಂಟು ಗಂಟೆಯ ದಿನ, ದಿನಕ್ಕೆ 3 ಡಾಲರ್ ಕೂಲಿ, ಇಬ್ಬರ ಕೊರೆಯಂತ್ರ, ಸಂಘಕ್ಕೆ ಮನ್ನಣೆ ಎಂಬ ಬೇಡಿಕೆಗಳೊಂದಿಗೆ 1913ರ ಜುಲೈ 23ರಂದು ವೆಸ್ಟರ್ನ್ ಫೆಡರೇಷನ್ ಆಫ್ ಮೈನರ್ಸ್ ಎಂಬ ಗಣಿ ಕಾರ್ಮಿಕರ ಸಂಘದ ನೇತೃತ್ವದಲ್ಲಿ ಮುಷ್ಕರ ಶುರುವಾಯಿತು. ರಾಜ್ಯಪಾಲರು ನ್ಯಾಷನಲ್ ಗಾರ್ಡ್ ಪಡೆಯನ್ನು ಕಳಿಸಿದರು. ಆಗಸ್ಟ್‌ನಲ್ಲಿ ಪೇನ್ಸ್‌ಡೇಲ್ ಸಮೀಪದ ಸೀಬರ್‌ವಿಲ್‌ನಲ್ಲಿ ಷೆರೀಫನ ಸಹಾಯಕರೂ ಬಾಡಿಗೆ ಕಾವಲುಗಾರರೂ ಕಾರ್ಮಿಕರು ತಂಗಿದ್ದ ಮನೆಯೊಂದರ ಮೇಲೆ ಗುಂಡು ಹಾರಿಸಿ ಇಬ್ಬರು ಕ್ರೊಯೇಷಿಯನ್ನರನ್ನು ಕೊಂದರು. ಬೆಳಗಿನ ಮೆರವಣಿಗೆಗಳಲ್ಲಿ ಆನಾ ಕ್ಲೆಮೆನ್ಸ್ ಎಂಬ ಮಹಿಳೆ ದೊಡ್ಡ ಧ್ವಜ ಹಿಡಿದು ಮುಂದೆ ನಡೆಯುತ್ತಿದ್ದರು.

ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ, ಮುಷ್ಕರನಿರತರ ಮಕ್ಕಳಿಗಾಗಿ ಇಂದು ಕ್ಯಾಲ್ಯುಮೆಟ್ ಎನ್ನಲಾಗುವ ಊರಿನ ಇಟಾಲಿಯನ್ ಹಾಲ್ ಕಟ್ಟಡದ ಮಹಡಿಯಲ್ಲಿ ಮಹಿಳಾ ಸಂಘದವರು ಸಂತೋಷಕೂಟ ಏರ್ಪಡಿಸಿದ್ದರು. ಯಾರೋ ಬೆಂಕಿ ಎಂದು ಕೂಗಿದರು. ಬೆಂಕಿ ಇರಲಿಲ್ಲ. ಕೆಳಗಿಳಿಯುವ ಮೆಟ್ಟಿಲುಗಳ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು 73 ಮಂದಿ ಉಸಿರುಗಟ್ಟಿ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಕೂಗಿದವರು ಯಾರೆಂದು ಯಾವ ವಿಚಾರಣೆಯಿಂದಲೂ ಸಿದ್ಧವಾಗಲಿಲ್ಲ. ಎರಡು ದಿನಗಳ ನಂತರ ಗಣಿ ಕಾರ್ಮಿಕರ ಸಂಘದ ಅಧ್ಯಕ್ಷ ಚಾರ್ಲ್ಸ್ ಮಾಯರ್ ಅವರಿಗೆ ಹೊಡೆದು, ಗುಂಡೇಟು ತಗುಲಿದ ಸ್ಥಿತಿಯಲ್ಲಿಯೇ ರೈಲು ಹತ್ತಿಸಿ ಹೊರದಬ್ಬಲಾಯಿತು. 1914ರ ಏಪ್ರಿಲ್‌ನಲ್ಲಿ ಮುಷ್ಕರ ಸೋಲಿನಲ್ಲಿ ಮುಗಿಯಿತು. ಕಟ್ಟಡವನ್ನು 1984ರಲ್ಲಿ ಕೆಡವಿದರು, ಬಾಗಿಲಿನ ಕಮಾನು ಮಾತ್ರ ಒಂದು ಸಣ್ಣ ಉದ್ಯಾನದಲ್ಲಿ ನಿಂತಿದೆ. ಕೆಡವಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಗಣಿಯಿಂದ ಬಂಡೆ ಮೇಲೆತ್ತುತ್ತಿದ್ದ ಹಳೆಯ ಎತ್ತುಯಂತ್ರಗಳನ್ನು ಉಳಿಸಲು ಕೊಟ್ಟ ಕಾಳಜಿಯಲ್ಲಿ ಒಂದು ಪಾಲನ್ನು ಆ ಮೆಟ್ಟಿಲುಗಳಿಗೂ ಕೊಡಬಹುದಿತ್ತು.

ಆಮೇಲಿನದು ಇಳಿಜಾರು. ಯುದ್ಧ ಮುಗಿದು ಬೆಲೆ ಬಿತ್ತು, ಆರ್ಥಿಕ ಮಹಾಕುಸಿತ ಬಂತು, ಪಶ್ಚಿಮದ ರಾಜ್ಯಗಳಲ್ಲಿ ತೆರೆದ ಗಣಿಗಳಿಂದ ಅಗ್ಗದ ತಾಮ್ರ ಬಂತು. ಕ್ವಿನ್ಸಿ 1945ರಲ್ಲಿ ಮುಚ್ಚಿತು. ಕ್ಯಾಲ್ಯುಮೆಟ್ ಅಂಡ್ ಹೆಕ್ಲಾ 1968ರ ಮುಷ್ಕರದ ನಂತರ ಮತ್ತೆ ತೆರೆಯಲಿಲ್ಲ. ದಕ್ಷಿಣದ ವೈಟ್ ಪೈನ್ ಗಣಿ, ಅಲ್ಲಿ ಸಿಗುತ್ತಿದ್ದದ್ದು ಬೇರೆ ಬಗೆಯ ಅದಿರು, 1995ರವರೆಗೆ ಉಳಿಯಿತು. 1992ರಲ್ಲಿ ಸಂಸತ್ತು ಕೀವಿನಾ ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನು ಸ್ಥಾಪಿಸಿತು. ಅದರ ಕ್ಯಾಲ್ಯುಮೆಟ್ ಮತ್ತು ಕ್ವಿನ್ಸಿ ವಿಭಾಗಗಳಲ್ಲಿ ಶಾಫ್ಟ್ ಕಟ್ಟಡಗಳು, ಕಚೇರಿಗಳು, ಜಗತ್ತಿನಲ್ಲೇ ಅತಿ ದೊಡ್ಡದೆನ್ನಲಾದ ಹಬೆಯ ಎತ್ತುಯಂತ್ರ ಇವೆಲ್ಲ ಇವೆ. ಅವನ್ನು ನೀವು ನೋಡಿಯೇ ಇರುತ್ತೀರಿ, ನೋಡಬೇಕಾದವೇ. ಆದರೆ ಈ ಗಣಿಗಾರಿಕೆ ಹಿಂದೆ ಬಿಟ್ಟುಹೋದ ಅತಿ ದೊಡ್ಡ ವಸ್ತು ಆ ಕಟ್ಟಡಗಳಲ್ಲಿ ಇಲ್ಲ.

ಎಷ್ಟು ಶ್ರೀಮಂತ ಬಂಡೆಯಾದರೂ ಅದರಲ್ಲಿ ತಾಮ್ರದ ಪಾಲು ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದನ್ನು ಮೀರುತ್ತಿರಲಿಲ್ಲ, ಹೆಚ್ಚಿನ ಗಣಿಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ಉಳಿದ ತೊಂಬತ್ತೈದು ತೊಂಬತ್ತೊಂಬತ್ತು ಪಾಲು ಎಲ್ಲಿಗೋ ಹೋಗಬೇಕಲ್ಲ? ಗಣಿಯ ಬಾಯಲ್ಲಿಯೇ ತಾಮ್ರವಿಲ್ಲದ ಕಲ್ಲನ್ನು ಆರಿಸಿ ಎಸೆದ ರಾಶಿಗಳನ್ನು ರಸ್ತೆಯ ಬದಿಯಲ್ಲಿ ಗುಡ್ಡಗಳಂತೆ ಕಾಣಬಹುದು. ಮಿಕ್ಕದ್ದು ರೈಲಿನಲ್ಲಿ ದಡದ ಗಿರಣಿಗಳಿಗೆ ಬರುತ್ತಿತ್ತು. ಅಲ್ಲಿ ಹಬೆಯಿಂದ ನಡೆಯುವ ಭಾರಿ ಒನಕೆಗಳು ಬಂಡೆಯನ್ನು ಕುಟ್ಟಿ ಪುಡಿ ಮಾಡುತ್ತಿದ್ದವು, ನೀರಿನಲ್ಲಿ ಜಾಲಿಸಿದಾಗ ಭಾರದ ತಾಮ್ರ ಕೆಳಗೆ ಉಳಿದು ಹಗುರ ಕಲ್ಲಿನ ಪುಡಿ ಕೊಚ್ಚಿಹೋಗುತ್ತಿತ್ತು. ಕೊಚ್ಚಿಹೋದದ್ದು ನೇರವಾಗಿ ಸರೋವರಕ್ಕೆ. ಬಸಾಲ್ಟ್ ಶಿಲೆಯ ಈ ಕಡುಬೂದು ಪುಡಿಗೆ ಅಲ್ಲಿ ಸ್ಟ್ಯಾಂಪ್ ಮರಳು ಎನ್ನುತ್ತಾರೆ.

ಲೇಕ್ ಲಿಂಡೆನ್ ಮತ್ತು ಹಬೆಲ್ ಊರುಗಳ ಮುಂದಿರುವ ಟಾರ್ಚ್ ಸರೋವರಕ್ಕೆ ಹೀಗೆ ಸುರಿದದ್ದು ಸುಮಾರು 20 ಕೋಟಿ ಟನ್. ಆ ಸರೋವರದ ಗಾತ್ರದ ಐದನೇ ಒಂದು ಭಾಗವನ್ನು ಅದು ತುಂಬಿಬಿಟ್ಟಿತು. 1986ರಲ್ಲಿ ಫೆಡರಲ್ ಸರ್ಕಾರ ಅದನ್ನು ಸೂಪರ್‌ಫಂಡ್ ಪಟ್ಟಿಗೆ, ಅಂದರೆ ದೇಶದ ಅತಿ ಕಲುಷಿತ ತಾಣಗಳ ಪಟ್ಟಿಗೆ, ಸೇರಿಸಿತು. ದಡದ ಮರಳಿನ ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆಸಲಾಗಿದೆ. ನೀರಿನ ಅಡಿಯಲ್ಲಿರುವುದು ಅಲ್ಲಿಯೇ ಇದೆ. ಹಸಿರು ಹೊದಿಕೆ ಎಷ್ಟು ಚೆನ್ನಾಗಿ ಬೆಳೆದಿದೆಯೆಂದರೆ ಹೇಳದಿದ್ದರೆ ಅದು ಗಣಿಯ ತ್ಯಾಜ್ಯವೆಂದು ಯಾರಿಗೂ ಹೊಳೆಯದು. ಕೋಲಾರದ ಸೈನೈಡ್ ದಿಬ್ಬಗಳು ದೂರದಿಂದಲೇ ಕಣ್ಣಿಗೆ ರಾಚುತ್ತವೆ. ಇಲ್ಲಿ ಹಾಗಿಲ್ಲ, ಅದರಿಂದಲೇ ಮರೆಯುವುದು ಸುಲಭವಾಗಿದೆ.

ಪರ್ಯಾಯದ್ವೀಪದ ಪೂರ್ವ ದಡದ ಗೇ ಎಂಬ ಪುಟ್ಟ ಊರಿನಲ್ಲಿ ಹಾಗೆ ಮರೆಯಲು ಸಾಧ್ಯವಿಲ್ಲ. ಮೊಹಾಕ್ ಮತ್ತು ವುಲ್ವರೀನ್ ಗಣಿಗಳ ಗಿರಣಿಗಳು 1901ರಿಂದ 1932ರವರೆಗೆ ಇಲ್ಲಿ ಸುಮಾರು 2 ಕೋಟಿ 27 ಲಕ್ಷ ಟನ್ ಮರಳನ್ನು ಸುಪೀರಿಯರ್ ಸರೋವರದ ಅಂಚಿಗೆ ಸುರಿದವು. ಟಾರ್ಚ್ ಸರೋವರಕ್ಕೆ ಹೋಲಿಸಿದರೆ ಇದು ಕಡಿಮೆ. ಆದರೆ ಟಾರ್ಚ್ ಸರೋವರದ ನೀರು ಮೂರು ಕಡೆ ನೆಲದಿಂದ ಸುತ್ತುವರಿದಿದೆ, ಗೇ ಊರಿನ ದಡವೋ ಜಗತ್ತಿನ ಅತಿ ವಿಶಾಲ ಸಿಹಿನೀರಿನ ಸರೋವರಕ್ಕೆ ನೇರ ಮುಖ ಮಾಡಿದೆ. ತೊಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಅಲೆಗಳು ಆ ರಾಶಿಯನ್ನು ಕೊರೆದು ದಡದುದ್ದಕ್ಕೂ ನೈಋತ್ಯಕ್ಕೆ ಒಯ್ಯುತ್ತಿವೆ. ಸುಮಾರು ಐದು ಮೈಲಿ ದೂರದ ಟ್ರಾವರ್ಸ್ ನದಿಯ ಬಂದರಿನವರೆಗೂ ಅದು ಹಬ್ಬಿದೆ, ಸಹಜ ಬಿಳಿ ಮರಳಿನ ತೀರವನ್ನು ಮುಚ್ಚಿದೆ. ಗಣಿ ಮುಚ್ಚಿತು ಎನ್ನುತ್ತೇವೆ. ಅದರ ರಾಶಿ ಈ ವಾರವೂ ಚಲಿಸುತ್ತಿದೆ.

ಆ ದಡದ ಎದುರಿಗೆ ನೀರಿನಡಿಯಲ್ಲಿ ಬಫಲೋ ರೀಫ್ ಎಂಬ ಸುಮಾರು 2,200 ಎಕರೆಯ ಕಲ್ಲುಹಾಸು ಇದೆ. ಲೇಕ್ ಟ್ರೌಟ್ ಮತ್ತು ಲೇಕ್ ವೈಟ್‌ಫಿಶ್ ಮೀನುಗಳು ಶರತ್ಕಾಲದಲ್ಲಿ ಅಲ್ಲಿಗೆ ಬಂದು ಉರುಟು ಕಲ್ಲುಗಳ ಸಂದುಗಳಲ್ಲಿ ಮೊಟ್ಟೆಯಿಡುತ್ತವೆ. ಚಳಿಗಾಲವಿಡೀ ಮೊಟ್ಟೆಗಳು ಆ ಸಂದುಗಳಲ್ಲಿ ಸುರಕ್ಷಿತವಾಗಿದ್ದು ವಸಂತದಲ್ಲಿ ಮರಿಗಳಾಗುತ್ತವೆ. ಮರಳು ಎರಡು ರೀತಿಯಲ್ಲಿ ಕೇಡು ಮಾಡುತ್ತದೆ. ಒಂದು, ಸಂದುಗಳನ್ನೇ ತುಂಬಿಬಿಡುತ್ತದೆ, ಮೊಟ್ಟೆಗೆ ಜಾಗವಿರುವುದಿಲ್ಲ. ಎರಡನೆಯದು ಹಳೆಯ ಗಿರಣಿಗಳ ಅದಕ್ಷತೆಯ ಫಲ: ಪ್ರತಿ ಕಿಲೋ ಮರಳಿನಲ್ಲಿ ಇನ್ನೂ ಎರಡು ಮೂರು ಗ್ರಾಂ ತಾಮ್ರ ಉಳಿದಿದೆ, ಅದು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬಿನ ನೀರು ಒಳ್ಳೆಯದೆನ್ನುವ ನಮಗೆ ಇದು ವಿಚಿತ್ರವೆನಿಸಬಹುದು, ಆದರೆ ನೀರಿನಲ್ಲಿ ಕರಗಿದ ತಾಮ್ರವು ಮರಿಮೀನುಗಳು ತಿಂದು ಬದುಕುವ ಸೂಕ್ಷ್ಮ ಜೀವಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲಿಯೂ ವಿಷ. ಮರಳು ಹರಡಿದ ದಡದ ತಳದಲ್ಲಿ ಅಂಥ ಜೀವಿಗಳು ಹೆಚ್ಚುಕಡಿಮೆ ಇಲ್ಲವಾಗಿವೆ. ಈ ಮೀನುಗಾರಿಕೆಯನ್ನೇ ನೆಚ್ಚಿಕೊಂಡವರಲ್ಲಿ ಒಪ್ಪಂದದ ಹಕ್ಕುಳ್ಳ ಓಜಿಬ್ವೆ ಮೀನುಗಾರರು ಮುಖ್ಯರು. ತಾಮ್ರದಿಂದ ಬಂದ ಲಾಭ ಬೋಸ್ಟನ್‌ನ ಷೇರುದಾರರಿಗೆ ಹೋಯಿತು, ಮರಳು ಇವರ ಬಲೆಯ ಜಾಗಕ್ಕೆ ಬಂತು. 1842ರಲ್ಲಿ ಭೂಮಿ ಬಿಟ್ಟುಕೊಟ್ಟವರು ಉಳಿಸಿಕೊಂಡ ಹಕ್ಕು ಮೀನಿಲ್ಲದ ನೀರಿನಲ್ಲಿ ಏನಾದೀತು ಎಂಬುದು ನ್ಯಾಯಾಲಯಗಳು ಇನ್ನೂ ಬಗೆಹರಿಸದ ಪ್ರಶ್ನೆಯೆಂದು ನಾನು ಭಾವಿಸುತ್ತೇನೆ.

2017ರಿಂದ ಫೆಡರಲ್ ಸರ್ಕಾರ, ಮಿಷಿಗನ್ ರಾಜ್ಯ ಮತ್ತು ಬುಡಕಟ್ಟು ಸಂಸ್ಥೆಗಳು ಸೇರಿ ಒಂದು ಕಾರ್ಯಪಡೆ ಈ ಬಗ್ಗೆ ಕೆಲಸ ಮಾಡುತ್ತಿದೆ. ರೀಫಿನ ಬಳಿ ನೀರಿನಡಿಯ ತಗ್ಗಿನಲ್ಲಿ ತುಂಬಿದ ಮರಳನ್ನು ಹೂಳೆತ್ತುವುದು, ಮುಂದೆ ಹರಿಯದಂತೆ ತಡೆಗೋಡೆ ಕಟ್ಟುವುದು, ಎತ್ತಿದ್ದನ್ನು ಒಳನಾಡಿನಲ್ಲಿ ಸುರಕ್ಷಿತವಾಗಿ ಹೂಳುವುದು, ಇವೆಲ್ಲ ಚರ್ಚೆಯಲ್ಲಿವೆ, ಕೆಲವು ಆರಂಭವೂ ಆಗಿವೆ. ಎಲ್ಲಕ್ಕೂ ದೊಡ್ಡ ಮೊತ್ತ ಬೇಕು, ಹೂಳುವ ಜಾಗದ ನೆರೆಯವರ ಒಪ್ಪಿಗೆ ಬೇಕು, ವರ್ಷವರ್ಷವೂ ಅನುದಾನ ಮುಂದುವರಿಯಬೇಕು. ಕಂಪನಿಗಳಿಂದ ವಸೂಲು ಮಾಡೋಣವೆಂದರೆ ಮರಳು ಸುರಿದವು ಎಂದೋ ಇಲ್ಲವಾಗಿವೆ. ಎರಡು ಸಾವಿರ ಚಿಲ್ಲರೆ ಜನರಿರುವ ಜಿಲ್ಲೆಯ ದನಿ ಲಾನ್ಸಿಂಗ್‌ನಲ್ಲಾಗಲಿ ವಾಷಿಂಗ್ಟನ್‌ನಲ್ಲಾಗಲಿ ಎಷ್ಟು ದೂರ ಕೇಳಿಸೀತು? ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿ ಮಿಷಿಗನ್‌ನಲ್ಲಿ ಮತ ಹಾಕುವ ಕನ್ನಡಿಗರು ತಮ್ಮ ಶಾಸಕರಿಗೆ ಒಂದು ಪುಟದ ಪತ್ರ ಬರೆದರೆ ಅದು ವ್ಯರ್ಥವಲ್ಲ. ಸಾರ್ವಜನಿಕ ಅಭಿಪ್ರಾಯ ಕೇಳುವ ಅವಧಿಗಳಲ್ಲಿ ಹೊರ ಜಿಲ್ಲೆಯವರ ಮಾತನ್ನೂ ದಾಖಲಿಸುತ್ತಾರೆ, ಅದಕ್ಕೆ ನೀವು ಆ ಜಿಲ್ಲೆಯ ನಿವಾಸಿಯಾಗಿರಬೇಕಿಲ್ಲ.

ಇದೇ ಬಗೆಯ ಇನ್ನೊಂದು ವಿಷಯ ಭೂಮಿಯ ಒಡೆತನದ್ದು. ಗಣಿ ಕಂಪನಿಗಳ ಕೈಯಲ್ಲಿದ್ದ ವಿಶಾಲ ಭೂಮಿ ಅವು ಮುಚ್ಚಿದ ಮೇಲೆ ಮರದ ಕಂಪನಿಗಳಿಗೂ ಹೂಡಿಕೆದಾರರಿಗೂ ಕೈ ಬದಲಾಯಿಸುತ್ತ ಬಂತು. ಪರ್ಯಾಯದ್ವೀಪದ ತುದಿಯಲ್ಲಿ ನಾವು ನಡೆದಾಡುವ ದಾರಿಗಳಲ್ಲಿ ಎಷ್ಟೋ ದಾರಿಗಳು ಖಾಸಗಿ ಮಾಲೀಕರ ಸೌಜನ್ಯದಿಂದ ತೆರೆದಿದ್ದವು. 2022ರಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಅಲ್ಲಿ 32,000 ಎಕರೆಗೂ ಹೆಚ್ಚು ಭೂಮಿಯನ್ನು ಕೊಂಡು, ಸ್ಥಳೀಯರೊಡನೆ ಕೂಡಿ ಅದರ ಮುಂದಿನ ವ್ಯವಸ್ಥೆಯನ್ನು ರೂಪಿಸಲು ಹೊರಟಿತು. ಹಿಂದೆ 1973ರಲ್ಲಿ ಮಿಷಿಗನ್ ನೇಚರ್ ಅಸೋಸಿಯೇಷನ್ ಕಾಪರ್ ಹಾರ್ಬರ್ ಬಳಿಯ ಎಸ್ಟಿವಾಂಟ್ ಪೈನ್ಸ್ ಎಂಬ ಹಳೆಯ ಬಿಳಿ ಪೈನ್ ಮರಗಳ ತೋಪನ್ನು ಉಳಿಸಿದ ಉದಾಹರಣೆ ಇದೆ. ಗಣಿಗಳ ಕೊಡಲಿಗೆ ಸಿಗದೆ ಉಳಿದ ಕೆಲವೇ ತುಣುಕುಗಳಲ್ಲಿ ಅದು ಒಂದು, ಕೈ ತಾಗದ ಪ್ರಕೃತಿ ಎಂಬ ಮಾತು ಸಲ್ಲುವುದಿದ್ದರೆ ಅದಕ್ಕೆ ಸಲ್ಲುತ್ತದೆ.

ಪ್ರವಾಸ ಹೋಗಬೇಡಿ ಎನ್ನುತ್ತಿಲ್ಲ, ಇನ್ನಷ್ಟು ನೋಡಿ ಎನ್ನುತ್ತಿದ್ದೇನೆ. ಹೋಟನ್–ಹ್ಯಾಂಕಾಕ್ ನಡುವಿನ ಎತ್ತುಸೇತುವೆ ದಾಟುವಾಗ ಗಮನಿಸಿ: ಅದರ ಕೆಳಗಿನ ಜಲಮಾರ್ಗವನ್ನು ಗಣಿಗಳ ಹಡಗುಗಳಿಗಾಗಿ ಅಗೆದು ಆಳಮಾಡಿ, ಆಚೆ ತುದಿಯಲ್ಲಿ ಸರೋವರಕ್ಕೆ ಕೂಡಿಸಿದ ಮೇಲೆ ಪರ್ಯಾಯದ್ವೀಪದ ಉತ್ತರ ಭಾಗ ವಾಸ್ತವದಲ್ಲಿ ದ್ವೀಪವೇ ಆಯಿತು, ಈ ಸೇತುವೆಯೊಂದೇ ಅದಕ್ಕೆ ರಸ್ತೆ. 41ನೇ ಹೆದ್ದಾರಿಯ ಬದಿಯಲ್ಲಿ ಎತ್ತರದ ಹಿಮಮಾಪಕವೊಂದಿದೆ, 1978–79ರ ಚಳಿಗಾಲದಲ್ಲಿ ಬಿದ್ದ 390.4 ಅಂಗುಲ ಹಿಮದ ದಾಖಲೆಯನ್ನು ಅದು ತೋರಿಸುತ್ತದೆ. ಎಲ್ಲರೂ ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅಂಥ ಹಿಮದಲ್ಲಿ ಗಣಿಗೆ ನಡೆದು ಹೋದವರ ಮನೆಗಳನ್ನು ಕಾಣಬೇಕೆಂದರೆ ಸ್ವಲ್ಪ ದೂರದ ಸೆಂಟ್ರಲ್‌ಗೆ ಹೋಗಿ. ಅಲ್ಲಿಯ ಗಣಿ 1898ರಲ್ಲಿ ಮುಚ್ಚಿ ಊರು ಖಾಲಿಯಾಯಿತು, ಆದರೂ 1907ರಿಂದ ಪ್ರತಿ ಬೇಸಿಗೆಯಲ್ಲಿ ಆ ಕುಟುಂಬಗಳ ವಂಶಸ್ಥರು ಅಲ್ಲಿಯ ಹಳೆಯ ಚರ್ಚಿನಲ್ಲಿ ಒಂದು ಭಾನುವಾರ ಸೇರುತ್ತಾರೆ. ಕ್ಯಾಲ್ಯುಮೆಟ್‌ನಲ್ಲಿ ಇಟಾಲಿಯನ್ ಹಾಲ್‌ನ ಕಮಾನಿನ ಬಳಿ ಹತ್ತು ನಿಮಿಷ ನಿಲ್ಲಿ.

ಆಮೇಲೆ ಮೊಹಾಕ್ ಊರಿನಿಂದ ಆಗ್ನೇಯಕ್ಕೆ ಹೊರಡುವ ರಸ್ತೆ ಹಿಡಿದು ಗೇ ಊರಿಗೆ ಇಳಿಯಿರಿ. ಅದಿರು ರೈಲಿನಲ್ಲಿ ಇಳಿದು ಬಂದದ್ದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ಗಿರಣಿಯ ಎತ್ತರದ ಹೊಗೆಗೊಳವೆ ಇನ್ನೂ ನಿಂತಿದೆ, ಅದರಾಚೆ ಏನೂ ಬೆಳೆಯದ ಕಪ್ಪು ಬಯಲು. ಮಕ್ಕಳು ಕೇಳಿದರೆ ಇದು ಕಡಲತೀರವಲ್ಲವೆಂದು ಹೇಳಿ, ಮರಳನ್ನು ಆಟಕ್ಕೆ ಮನೆಗೆ ತರಬೇಡಿ. ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ನೇರ ಕೋರಿಕೆಯಿದೆ: ಮುಂದಿನ ಶರತ್ಕಾಲದ ಪ್ರವಾಸದ ಪಟ್ಟಿಯಲ್ಲಿ ಗೇ, ಟಾರ್ಚ್ ಸರೋವರ ಮತ್ತು ಲಾನ್ಸ್ ಈ ಮೂರನ್ನು ಸೇರಿಸಿ, ಓಜಿಬ್ವೆ ಸಮುದಾಯದವರೊಬ್ಬರನ್ನು ಗೌರವಧನ ಕೊಟ್ಟು ಮಾತನಾಡಲು ಆಹ್ವಾನಿಸಿ, ಹಿಂತಿರುಗಿದ ವಾರದಲ್ಲಿಯೇ ಬಫಲೋ ರೀಫ್ ಕಾಮಗಾರಿಗೆ ಅನುದಾನ ಮುಂದುವರಿಸುವಂತೆ ಸಂಘದ ಹೆಸರಿನಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೂ ನಿಮ್ಮ ಕಾಂಗ್ರೆಸ್ ಪ್ರತಿನಿಧಿಗೂ ಪತ್ರ ಕಳಿಸಿ. ಕರಡು ಬೇಕಾದವರಿಗೆ ಬರೆದುಕೊಡಲು ಸಿದ್ಧ.

ಇತಿ,
ನಿಮ್ಮಲ್ಲೊಬ್ಬ ಕನ್ನಡಿಗ